ರಜೆ, ಬಿಡುಗಡೆ, ಮುಕ್ತಿ, ಸ್ವಾತಂತ್ರ್ಯ: ನಾಲ್ಕೂ ಒಂದೇನಾ?

ಈ ಸಲದ ವಿಡಿಯೋ ಮಾಡಿದ್ದು ಕಾಶಿಯ ಗೋದೌಲಿಯಾ ಚೌಕದಲ್ಲಿ. ಹಾರ್ನು, ರಿಕ್ಷಾ ಗಂಟೆ, ಜನರ ಗಲಾಟೆಯಲ್ಲಿ ಕೆಲವು ಕಡೆ ನನ್ನ ಮಾತು ಸರಿಯಾಗಿ ಕೇಳಿಸಲ್ಲ. ಅದಕ್ಕೇ ಪೂರ್ತಿ ಮಾತನ್ನು ಇಲ್ಲಿ ಬರಹದಲ್ಲಿ ಕೊಡ್ತಿದ್ದೇನೆ. ಅಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ವಿಷಯ ಇಷ್ಟೇ: ಸ್ವಾತಂತ್ರ್ಯ ಅಂದ್ರೆ ಏನು?

ನಮ್ಮ ಐಟಿ ಗೆಳೆಯರನ್ನು ಕೇಳಿದರೆ ಸಾಮಾನ್ಯವಾಗಿ ಎರಡು ಚಿತ್ರ ಬರುತ್ತವೆ. ಒಂದು, ಆಗಸ್ಟ್ 15ರ ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮ್, ಧ್ವಜವಂದನೆ, ಕೊನೆಗೆ ಕೈಗೆ ಸಿಗುವ ಚಾಕೊಲೇಟು. ಇನ್ನೊಂದು, ಬೇಸಿಗೆ ರಜೆಯಲ್ಲಿ ಅಜ್ಜಿ ಮನೆ. "ಆಗ ಎಷ್ಟು ಫ್ರೀಯಾಗಿದ್ವಿ ಮಾರಾಯ" ಅನ್ನೋ ಮಾತು. ಎರಡಕ್ಕೂ ನಾವು ಒಂದೇ ಪದ ಬಳಸ್ತೀವಿ. ಅದರಿಂದ ಒಂದು ತೊಂದರೆ ಇದೆ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ "ನನಗೆ ಸ್ವಾತಂತ್ರ್ಯವೇ ಇಲ್ಲ" ಅಂದುಕೊಳ್ಳುವಾಗ ನಮಗೆ ಕಡಿಮೆಯಾಗಿರುವುದು ಯಾವುದು ಅಂತ ನಮಗೇ ಗೊತ್ತಿರಲ್ಲ. ಬೇಕಿರೋದು ಒಂದು ವಾರದ ರಜೆಯಾ? ಕೆಲಸ ಬಿಡೋದಾ? ಅಥವಾ ಆ ಕೆಲಸದ ನಿಯಮ ಬದಲಾಗೋದಾ? ಕಾಯಿಲೆ ಯಾವುದು ಅಂತ ಗೊತ್ತಿಲ್ಲದೆ ಔಷಧಿ ತಗೊಂಡ ಹಾಗೆ, ಗೋವಾ ಟ್ರಿಪ್ ಮಾಡಿ ಬರ್ತೀವಿ, ಸೋಮವಾರ ಮತ್ತೆ ಅದೇ ಭಾರ.

ಹಾಗಾಗಿ ಮೊದಲು ಪದಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ.

ನಾಲ್ಕು ಪದಗಳು

ರಜೆ. ಇದು ಅರಬ್ಬಿ ಮೂಲದ್ದು, ಮರಾಠಿಯ 'ರಜಾ' ಇದರ ಒಡಹುಟ್ಟು. ಮೂಲ ಅರ್ಥ ಒಪ್ಪಿಗೆ, ಅಪ್ಪಣೆ. ಅಂದ್ರೆ ರಜೆ ಅನ್ನೋ ಪದದೊಳಗೇ ಕೊಡುವವನೊಬ್ಬ ಕೂತಿದ್ದಾನೆ. ನಾವು ರಜೆ 'ಕೇಳ್ತೀವಿ', ಅವರು 'ಕೊಡ್ತಾರೆ'.

ಬಿಡುಗಡೆ. ಯಾರೋ ಹಿಡಿದುಕೊಂಡಿದ್ದರು, ಈಗ ಬಿಟ್ಟರು. ಜೈಲಿನಿಂದ, ಆಸ್ಪತ್ರೆಯಿಂದ, ಸಾಲದಿಂದ.

ಮುಕ್ತಿ. ಸಂಸ್ಕೃತದಲ್ಲಿ ಇದಕ್ಕೂ ಬಿಡುಗಡೆ ಎಂದೇ ಅರ್ಥ. ಆದರೆ ನಮ್ಮ ರೂಢಿಯಲ್ಲಿ ಇದು ಹುಟ್ಟು ಸಾವಿನ ಚಕ್ರದಿಂದಲೇ ಆಗುವ ಬಿಡುಗಡೆ. ಜನ ಕಾಶಿಗೆ ಬರೋದು ಇದಕ್ಕೆ.

ಸ್ವಾತಂತ್ರ್ಯ. ಸ್ವ ಮತ್ತು ತಂತ್ರ. ತಂತ್ರ ಅಂದ್ರೆ ವ್ಯವಸ್ಥೆ, ಆಳ್ವಿಕೆ. ಅದಕ್ಕೂ ಹಳೆಯ ಅರ್ಥ ಮಗ್ಗ, ಮಗ್ಗದ ಹಾಸುನೂಲು.

ಗಮನಿಸಿ ನೋಡಿ. ಮೊದಲ ಮೂರು ಪದಗಳು ಕೇಳೋದು 'ಯಾವುದರಿಂದ?' ಎಂಬ ಪ್ರಶ್ನೆ. ಕೆಲಸದಿಂದ ರಜೆ, ಜೈಲಿನಿಂದ ಬಿಡುಗಡೆ, ಜನ್ಮದಿಂದ ಮುಕ್ತಿ. ನಾಲ್ಕನೆಯದು ಮಾತ್ರ ಬೇರೆ ಪ್ರಶ್ನೆ ಕೇಳುತ್ತೆ: 'ಇಲ್ಲಿ ನಡೆಯೋದು ಯಾರ ವ್ಯವಸ್ಥೆ?' ಈ ಇಡೀ ಮಾತುಕತೆ ಆ ವ್ಯತ್ಯಾಸದ ಬಗ್ಗೆಯೇ.

ಮಗ್ಗ ಯಾರದು?

ಗೋದೌಲಿಯಾದಿಂದ ದಕ್ಷಿಣಕ್ಕೆ, ಸೋನಾರ್‌ಪುರಾ ಕಡೆ ಹೋಗುವ ರಸ್ತೆ ಹಿಡಿದರೆ ಮೊದಲು ಸಿಗೋದು ಜಂಗಮವಾಡಿ. ಅಲ್ಲಿನ ವೀರಶೈವ ಮಠದಲ್ಲಿ ಕನ್ನಡ ಕಿವಿಗೆ ಬೀಳುತ್ತೆ. ನಾನು ಎಂಟೆಕ್ ಓದಿದ್ದು ಇದೇ ಊರಲ್ಲಿ, ಹಾಗಾಗಿ ಈ ರಸ್ತೆ ಕಾಲಿಗೆ ಅಭ್ಯಾಸ. ಇನ್ನೂ ಸ್ವಲ್ಪ ಮುಂದೆ ಮದನ್‌ಪುರಾ, ಬನಾರಸಿ ಸೀರೆ ನೇಯುವವರ, ಮಾರುವವರ ಬಡಾವಣೆ. ಬನಾರಸಿ ಸೀರೆಗೆ ನಮ್ಮ ಕರ್ನಾಟಕದ ರೇಷ್ಮೆ ನೂಲೂ ಬರುತ್ತೆ. ಮದುವೆಗೆ ಕೊಂಡ ಬನಾರಸಿಯೊಳಗೆ ಶಿಡ್ಲಘಟ್ಟದ ಎಳೆ ಇದ್ದರೂ ಇರಬಹುದು.

ಇಲ್ಲಿ ಮಗ್ಗದ ವ್ಯವಸ್ಥೆ ಹೀಗಿದೆ. ನೇಕಾರರಲ್ಲಿ ಕೆಲವರದ್ದು ಸ್ವಂತ ಮಗ್ಗ, ಸ್ವಂತ ನೂಲು. ಬಹಳ ಜನ ಒಬ್ಬ ಯಜಮಾನ ನೇಕಾರನಿಗಾಗಿ ನೇಯುತ್ತಾರೆ. ಅವನನ್ನು ಇಲ್ಲಿ ಗಿರಸ್ತ ಅಂತಾರೆ. ನೂಲು ಅವನದ್ದು, ವಿನ್ಯಾಸ ಅವನದ್ದು. ನೇಕಾರನಿಗೆ ಸಿಗೋದು ಸೀರೆಗೆ ಇಷ್ಟು ಅಂತ ಮಜೂರಿ. ಎಷ್ಟೋ ಮನೆಗಳಲ್ಲಿ ಮಗ್ಗ ಮನೆಯೊಳಗೇ ಇರುತ್ತೆ. ಎಷ್ಟು ಗಂಟೆಗೆ ಕೂರಬೇಕು, ಯಾವಾಗ ಚಹಾಕ್ಕೆ ಏಳಬೇಕು ಅಂತ ಹೇಳೋರು ಯಾರೂ ಇಲ್ಲ. ಬೆಳಗ್ಗೆ ಎಂಟಕ್ಕೆ ಬಯೋಮೆಟ್ರಿಕ್ ಒತ್ತುವ ನಮ್ಮ ಕಣ್ಣಿಗೆ 'ಆಹಾ, ಎಂಥ ಸ್ವಾತಂತ್ರ್ಯ' ಅನ್ನಿಸಬಹುದು. ಆದರೆ ಮುಂದಿನ ಸೀರೆಗೆ ನೂಲು ಬರುತ್ತೋ ಇಲ್ಲವೋ, ಮಜೂರಿ ಎಷ್ಟು, ನೇಯ್ಗೆಯಲ್ಲಿ ಚೂರು ದೋಷ ಬಂದರೆ ಎಷ್ಟು ಹಿಡಿಯಬೇಕು ಅನ್ನೋದೆಲ್ಲ ಇನ್ನೊಬ್ಬರ ಮರ್ಜಿ.

ಅವರಿಗೆ ಸಮಯದಲ್ಲಿ ಸಡಿಲ ಇದೆ. ವ್ಯವಸ್ಥೆಯ ಮೇಲೆ ಹಿಡಿತ ಇಲ್ಲ. ವರ್ಕ್ ಫ್ರಮ್ ಹೋಮ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅನ್ಸುತ್ತೆ.

1958ರ ಎರಡು ಸಂಗತಿ

ಗೋದೌಲಿಯಾಕ್ಕೆ ಅಂಟಿಕೊಂಡೇ ಗಿರ್ಜಾಘರ್ ಚೌಕ ಇದೆ. ಅಲ್ಲಿ ಕಾಶಿ ಲಾಭ ಮುಕ್ತಿ ಭವನ ಅನ್ನೋ ಮನೆ. 1958ರಲ್ಲಿ ಶುರುವಾದದ್ದು. ಕೊನೆಯ ದಿನಗಳಲ್ಲಿರುವವರನ್ನು ಮನೆಯವರು ಇಲ್ಲಿಗೆ ಕರೆತರುತ್ತಾರೆ. ಸಾಮಾನ್ಯವಾಗಿ ಎರಡು ವಾರದ ತನಕ ಇರಬಹುದು. ಕಾಶಿಯಲ್ಲಿ ಪ್ರಾಣ ಬಿಟ್ಟರೆ ಮುಕ್ತಿ ಅನ್ನೋ ನಂಬಿಕೆ. 2016ರಲ್ಲಿ 'ಮುಕ್ತಿ ಭವನ' ಅನ್ನೋ ಹಿಂದಿ ಸಿನಿಮಾ ಬಂತಲ್ಲ, ಅದರಲ್ಲಿ ಸಾಯಲು ಹೊರಟ ಅಪ್ಪನ ಜೊತೆ ಕಾಶಿಗೆ ಬಂದ ಮಗನಿಗೆ ಆಫೀಸಿನ ಫೋನು ಬಿಡೋದೇ ಇಲ್ಲ. ಅಪ್ಪನಿಗೆ ಬೇಕಿರೋದು ಮುಕ್ತಿ, ಮಗನಿಗೆ ಬೇಕಿರೋದು ರಜೆ.

ಅದೇ 1958ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಐಸಾಯಾ ಬರ್ಲಿನ್ ಎಂಬ ಚಿಂತಕ ಒಂದು ಉಪನ್ಯಾಸ ಕೊಟ್ಟರು. ಸ್ವಾತಂತ್ರ್ಯದಲ್ಲಿ ಎರಡು ಬಗೆ ಅಂದರು. ಒಂದು, ನನ್ನ ದಾರಿಗೆ ಯಾರೂ ಅಡ್ಡ ಬರದೇ ಇರುವುದು. ಇನ್ನೊಂದು, ನನ್ನನ್ನು ನಾನೇ ಆಳಿಕೊಳ್ಳುವುದು. ಮೊದಲನೆಯದು ನಮ್ಮ 'ಬಿಡುಗಡೆ'ಗೆ ಹತ್ತಿರ, ಎರಡನೆಯದು 'ಸ್ವಾತಂತ್ರ್ಯ'ಕ್ಕೆ ಹತ್ತಿರ. ಎರಡನೆಯದರ ಹೆಸರಲ್ಲಿ ಸರ್ವಾಧಿಕಾರಿಗಳು ಜನರ ಮೇಲೆ ಸವಾರಿ ಮಾಡಬಹುದು ಎಂಬ ಎಚ್ಚರಿಕೆಯನ್ನೂ ಅವರು ಕೊಟ್ಟರು. ಆ ಎಚ್ಚರಿಕೆ ಸರಿಯಾದದ್ದೇ. ಆದರೆ ಬರೀ 'ಅಡ್ಡ ಬರಬೇಡಿ' ಅನ್ನೋದು ಸಾಕಾ? ನಮ್ಮದೇ ಇತಿಹಾಸ ನೋಡೋಣ.

ಹದಿನೈದರ ಹುಡುಗ, ಈಸೂರಿನ ಹುಡುಗರು

ಚಂದ್ರಶೇಖರ ಆಜಾದ್ ಸಂಸ್ಕೃತ ಓದಲು ಕಾಶಿಗೆ ಬಂದಿದ್ದ ಹುಡುಗ. 1921ರ ಅಸಹಕಾರ ಚಳವಳಿಯಲ್ಲಿ ಸಿಕ್ಕಿಬಿದ್ದಾಗ ವಯಸ್ಸು 15. ಮ್ಯಾಜಿಸ್ಟ್ರೇಟ್ ಹೆಸರು ಕೇಳಿದಾಗ 'ಆಜಾದ್' ಅಂದನಂತೆ, ಮನೆ ಎಲ್ಲಿ ಅಂದಾಗ 'ಜೈಲು' ಅಂದನಂತೆ. 15 ಛಡಿ ಏಟಿನ ಶಿಕ್ಷೆ ಆಯ್ತು. ನಮ್ಮಲ್ಲಿ ಹತ್ತನೇ ಕ್ಲಾಸ್ ಓದುವ ವಯಸ್ಸು. ಕೈಕಾಲು ಕಟ್ಟಿಸಿಕೊಂಡು ಏಟು ತಿನ್ನುವವನು ಯಾವ ಅರ್ಥದಲ್ಲಿ ಆಜಾದ್? ಬಿಡುಗಡೆಯ ಅರ್ಥದಲ್ಲಂತೂ ಅಲ್ಲ. ನಿಮ್ಮ ವ್ಯವಸ್ಥೆ ನನ್ನದಲ್ಲ ಅಂತ ಹೇಳುವ ಅರ್ಥದಲ್ಲಿ.

ಅದಕ್ಕೂ ಮುಂಚೆ, 1916ರ ಫೆಬ್ರವರಿಯಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಉದ್ಘಾಟನೆಯ ಸಮಾರಂಭದಲ್ಲಿ ಗಾಂಧೀಜಿ ಮಾತಾಡಿದ್ದರು. ವೇದಿಕೆ ಮೇಲೆ ಒಡವೆ ಹೇರಿಕೊಂಡ ಮಹಾರಾಜರು. ಗಾಂಧಿ ಹಿಂದಿನ ದಿನ ವಿಶ್ವನಾಥನ ಗುಡಿಗೆ ಹೋಗಿಬಂದಿದ್ದರು. ಈ ಗೋದೌಲಿಯಾದಿಂದ ನಡೆದುಹೋಗುವ ದೂರ. ಆ ಗಲ್ಲಿಗಳ ಕೊಳೆಯನ್ನು ಸಭೆಯಲ್ಲೇ ಎತ್ತಿ ಆಡಿದರು: ಇಂಗ್ಲಿಷರು ಹೋದ ಮಾತ್ರಕ್ಕೆ ಇದು ತಾನಾಗಿ ಸ್ವಚ್ಛ ಆಗುತ್ತಾ ಎಂಬ ಧಾಟಿಯಲ್ಲಿ. ಭಾಷಣ ಪೂರ್ತಿ ಮಾಡಲು ಅವರನ್ನು ಬಿಡಲಿಲ್ಲ. ಅವರು ಹೇಳಿದ್ದರ ಸಾರ ಸರಳ: ಹಿಡಿದವನು ಕೈ ಬಿಟ್ಟರೆ ಬಿಡುಗಡೆ ಆಗುತ್ತೆ, ಸ್ವಾತಂತ್ರ್ಯಕ್ಕೆ ಪೊರಕೆ ಹಿಡಿಯುವ ಕೆಲಸ ಇನ್ನೂ ಬಾಕಿ ಇರುತ್ತೆ.

ಈಗ ನಮ್ಮ ಕಡೆ ಬರೋಣ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಸೆಪ್ಟೆಂಬರ್‌ನಲ್ಲಿ ಊರಿನವರು ವೀರಭದ್ರನ ಗುಡಿಯ ಮೇಲೆ ಬಾವುಟ ಹಾರಿಸಿ ತಮ್ಮದು ಸ್ವತಂತ್ರ ಊರು ಎಂದು ಘೋಷಿಸಿದರು. ಶಾಲೆಯಲ್ಲಿ ಈ ಕಥೆ ಅಲ್ಲಿಗೆ ಮುಗಿಯುತ್ತೆ. ನನಗೆ ಮುಖ್ಯ ಅನ್ಸೋದು ಅದರ ಮುಂದಿನ ಹೆಜ್ಜೆ. ಅವರು ಸುಮ್ಮನೆ 'ಬ್ರಿಟಿಷರು ಬೇಡ' ಅನ್ನಲಿಲ್ಲ, ತಮ್ಮದೇ ಸರ್ಕಾರ ಮಾಡಿದರು. ಅಮಲ್ದಾರನಾಗಿ ಒಬ್ಬ ಹುಡುಗ, ಸಬ್ ಇನ್ಸ್‌ಪೆಕ್ಟರ್ ಆಗಿ ಇನ್ನೊಬ್ಬ ಹುಡುಗ. ಅಪ್ರಾಪ್ತರಾದರೆ ಜೈಲಿಗೆ ಹಾಕುವುದು ಕಷ್ಟ ಅನ್ನೋ ಲೆಕ್ಕವೂ ಇತ್ತು ಅಂತಾರೆ. ಆಮೇಲಿನ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಪೊಲೀಸರು, ಸೈನಿಕರು ಬಂದು ಊರನ್ನು ಸೂರೆ ಮಾಡಿದರು. 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು.

ಇನ್ನೊಂದು ವಿಷಯ ನಾವು ಮರೀತೀವಿ. 1947ರ ಆಗಸ್ಟ್ 15 ಎಲ್ಲ ಕನ್ನಡಿಗರಿಗೂ ಸ್ವಾತಂತ್ರ್ಯ ತಂದ ದಿನ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಜನರಿಗೆ ಜವಾಬ್ದಾರಿಯ ಸರ್ಕಾರ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ನಡೆದು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಕಲಬುರಗಿ, ಬೀದರ್, ರಾಯಚೂರಿನವರು ನಿಜಾಮನ ಆಳ್ವಿಕೆಯಿಂದ ಹೊರಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಮೈಸೂರಿನ ಉದಾಹರಣೆಯೇ ಈ ಚರ್ಚೆಗೆ ಹೆಚ್ಚು ಉಪಯೋಗ, ಯಾಕಂದ್ರೆ ಮೈಸೂರು ಒಳ್ಳೆಯ ಆಡಳಿತಕ್ಕೆ ಹೆಸರಾದ ಸಂಸ್ಥಾನ. ಕನ್ನಂಬಾಡಿ ಕಟ್ಟೆ, ವಿದ್ಯುತ್ತು, ವಿಶ್ವವಿದ್ಯಾಲಯ ಎಲ್ಲ ಕೊಟ್ಟವರು. ರಾಜರು ಒಳ್ಳೆಯವರೇ. ಹಾಗಿದ್ದರೆ ಜನ ಯಾಕೆ ಬೀದಿಗಿಳಿದರು?

ಒಳ್ಳೆಯ ಧಣಿ ಸಾಕಾ?

ಇದಕ್ಕೆ ಚೆನ್ನಾಗಿ ಉತ್ತರ ಕೊಟ್ಟವರು ಫಿಲಿಪ್ ಪೆಟಿಟ್ ಎಂಬ ಐರಿಶ್ ಚಿಂತಕ. 1997ರ ತಮ್ಮ ಪುಸ್ತಕದಲ್ಲಿ ಅವರ ವಾದ ಹೀಗೆ. ಒಬ್ಬ ಜೀತದಾಳು ಇದ್ದಾನೆ. ಧಣಿ ತುಂಬಾ ಒಳ್ಳೆಯವನು, ಬೈಯಲ್ಲ, ಹೊಡೆಯಲ್ಲ, ಕೇಳಿದಾಗ ಊರಿಗೆ ಕಳಿಸ್ತಾನೆ. ಇಡೀ ಜೀವನದಲ್ಲಿ ಒಮ್ಮೆಯೂ ಅಡ್ಡ ಬರಲಿಲ್ಲ. ಆಳು ಸ್ವತಂತ್ರನಾ? 'ಅಡ್ಡ ಬರದೇ ಇರುವುದೇ ಸ್ವಾತಂತ್ರ್ಯ' ಅಂದರೆ ಹೌದು ಅನ್ನಬೇಕಾಗುತ್ತೆ. ಆದರೆ ನಮ್ಮ ಮನಸ್ಸು ಒಪ್ಪಲ್ಲ. ಯಾಕಂದ್ರೆ ನಾಳೆ ಬೆಳಗ್ಗೆ ಧಣಿಯ ಮನಸ್ಸು ಬದಲಾದರೆ ತಡೆಯೋರು ಯಾರೂ ಇಲ್ಲ. ಅದು ಗೊತ್ತಿರೋದರಿಂದ ಆಳು ದಿನಾ ಧಣಿಯ ಮುಖ ನೋಡಿ ಮಾತಾಡ್ತಾನೆ. ಪೆಟಿಟ್ ಪ್ರಕಾರ ಸ್ವಾತಂತ್ರ್ಯದ ಅಳತೆ 'ಅಡ್ಡ ಬಂದರಾ' ಅನ್ನೋದರಲ್ಲಿಲ್ಲ, 'ಮನಸ್ಸು ಬಂದಾಗ ಅಡ್ಡ ಬರುವ ಶಕ್ತಿ ಯಾರ ಕೈಲಿದೆ' ಅನ್ನೋದರಲ್ಲಿದೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸಿಸ್ಟಮ್ ಚೆನ್ನಾಗಿ ಓಡ್ತಿದೆ, ನಿಮಗೆ ಬೇಕಾದ ಆಕ್ಸೆಸ್ ಎಲ್ಲ ಇದೆ, ಒಂದು ದಿನವೂ ಎರರ್ ಬಂದಿಲ್ಲ. ಆದರೆ ಅಡ್ಮಿನ್ ಪಾಸ್‌ವರ್ಡ್ ಇನ್ನೊಬ್ಬರ ಹತ್ತಿರ ಇದೆ. ಕಾರಣ ಕೊಡದೆ, ಲಾಗ್ ಕೂಡ ಬಿಡದೆ ಅವರು ನಿಮ್ಮ ಆಕ್ಸೆಸ್ ಕಿತ್ತುಹಾಕಬಹುದು. ಪರಿಹಾರ ಅಡ್ಮಿನ್‌ನ ಒಳ್ಳೆಯತನದಲ್ಲಿ ಇಲ್ಲ. ಆಕ್ಸೆಸ್ ಯಾವಾಗ ತೆಗೆಯಬಹುದು ಅನ್ನೋ ನಿಯಮ ಬರೆದಿರಬೇಕು, ಲಾಗ್ ಇರಬೇಕು, ತಪ್ಪಾದರೆ ಕೇಳಲು ಒಂದು ಜಾಗ ಇರಬೇಕು. ಒಂದು ದೇಶಕ್ಕೆ ಸಂವಿಧಾನ ಮಾಡೋ ಕೆಲಸವೂ ಇದೇ. ಆಗಸ್ಟ್ 15ಕ್ಕೆ ಬಿಡುಗಡೆ ಆಯ್ತು. ನಿಯಮ ನಮ್ಮದಾದದ್ದು 1950ರ ಜನವರಿ 26ಕ್ಕೆ.

ಹಾಗಾದ್ರೆ ಬೇಸಿಗೆ ರಜೆ?

ನನ್ನ ಅಜ್ಜಿ ಮನೆ ಇದ್ದದ್ದು ಶಿಕಾರಿಪುರದ ಕಡೆಯ ಒಂದು ಹಳ್ಳಿ. ಏಪ್ರಿಲ್ 10ಕ್ಕೆ ರಿಸಲ್ಟ್, 11ಕ್ಕೆ ಬಸ್ಸು. ಆಮೇಲೆ ಒಂದೂವರೆ ತಿಂಗಳು ಕೆರೆ, ಚಿನ್ನಿದಾಂಡು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಹೊಟ್ಟೆ ಹಸಿದಾಗ ಮನೆ ನೆನಪಾಗೋದು. ಎಂಟು ಹತ್ತು ಮೊಮ್ಮಕ್ಕಳು ಒಟ್ಟಿಗೆ ನುಗ್ಗಿದರೂ ರೊಟ್ಟಿ ಸಿದ್ಧ ಇರ್ತಿತ್ತು.

ಮೇಲಿನ ಅಳತೆಗೋಲು ಇಟ್ಟು ನೋಡಿದರೆ ನಾವು ಸ್ವತಂತ್ರರಾಗಿರಲೇ ಇಲ್ಲ. ಯಾವಾಗ ಹೋಗಬೇಕು, ಯಾವಾಗ ವಾಪಸ್ ಬರಬೇಕು, ಏನು ಓದಬೇಕು, ಎಲ್ಲ ದೊಡ್ಡವರ ನಿರ್ಧಾರ. ನಮಗಿದ್ದದ್ದು ನಿಶ್ಚಿಂತೆ. ಅದು ಚಿಕ್ಕ ವಸ್ತುವಲ್ಲ. ಆದರೆ ನಿಶ್ಚಿಂತೆಗೆ ಯಾವಾಗಲೂ ಒಂದು ಇನ್ನೊಂದು ಬದಿ ಇರುತ್ತೆ. ನಮ್ಮ ಪಾಲಿನ ಚಿಂತೆಯನ್ನು ಯಾರೋ ಹೊತ್ತಿರ್ತಾರೆ. ನಮಗೆ ಏಪ್ರಿಲ್‌ನಲ್ಲಿ ರಜೆ ಶುರುವಾದರೆ ಅಜ್ಜಿಗೆ, ಅತ್ತೆಗೆ ಏಪ್ರಿಲ್‌ನಲ್ಲಿ ಕೆಲಸ ಡಬಲ್ ಆಗೋದು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಅದರ ಮೇಲೆ ಹತ್ತು ಮಕ್ಕಳ ಸ್ನಾನ, ಊಟ, ಬಟ್ಟೆ. ಅಮ್ಮ ತವರಿಗೆ ಬಂದಿದ್ದಾಳೆ ಅನ್ನೋದು ಹೆಸರಿಗೆ, ಅವಳೂ ಒಲೆ ಮುಂದೆಯೇ. ಅಜ್ಜಿಯ ರಜೆ ಯಾವಾಗ ಅಂತ ನಾವು ಯಾರೂ ಕೇಳಿದ ನೆನಪಿಲ್ಲ. ಯಾವ ಮನೆಯಲ್ಲೂ ಕೇಳುತ್ತಿರಲಿಲ್ಲ ಅನ್ಸುತ್ತೆ.

ಇದನ್ನು ಹೇಳ್ತಿರೋದು ಬಾಲ್ಯದ ನೆನಪಿನ ಮೇಲೆ ನೀರು ಹಾಕೋದಕ್ಕಲ್ಲ. ದೊಡ್ಡವರಾದ ಮೇಲೆ ನಾವು ಆ ನಿಶ್ಚಿಂತೆಯನ್ನೇ ಸ್ವಾತಂತ್ರ್ಯ ಅಂದುಕೊಂಡು ಹುಡುಕಿದರೆ ಒಂದು ಅಪಾಯ ಇದೆ. ಮತ್ತೊಬ್ಬರು ಎಲ್ಲ ನೋಡಿಕೊಳ್ಳಲಿ ಅಂತ ಬಯಸುತ್ತಾ ಹೋಗ್ತೀವಿ. ಆಫೀಸಲ್ಲಿ ಊಟ, ಜಿಮ್ಮು, ಕ್ಯಾಬು, ಕೇರಮ್ ಬೋರ್ಡ್ ಎಲ್ಲ ಇದ್ದರೆ 'ಎಷ್ಟು ಫ್ರೀ ಇದೆ ಇಲ್ಲಿ' ಅಂತೀವಿ. ಅದು ಅಜ್ಜಿ ಮನೆಯ ನಕಲು. ಅಜ್ಜಿ ಮಾತ್ರ ಲೇಆಫ್ ಮಾಡ್ತಿರಲಿಲ್ಲ.

ಆದರೆ ಆ ಬೇಸಿಗೆಯಲ್ಲಿ ಸ್ವಾತಂತ್ರ್ಯದ ಒಂದು ಅಂಶ ನಿಜವಾಗಿಯೂ ಇತ್ತು. ಆಟದ ನಿಯಮ ನಮ್ಮದೇ. ಚಿನ್ನಿದಾಂಡಿನಲ್ಲಿ ಔಟ್ ಯಾವುದು, ಸಣ್ಣವರಿಗೆ ಎಷ್ಟು ಚಾನ್ಸ್ ಹೆಚ್ಚು ಅಂತ ಜಗಳ ಮಾಡಿ, ಕೂಗಾಡಿ, ಕೊನೆಗೆ ಒಪ್ಪಿಕೊಂಡು ಆಡ್ತಿದ್ವಿ. ದೊಡ್ಡವರು ಯಾರೂ ಬಂದು ತೀರ್ಪು ಕೊಡ್ತಿರಲಿಲ್ಲ. ಈಸೂರಿನ ಹುಡುಗರು ಮಾಡಿದ್ದೂ ಒಂದರ್ಥದಲ್ಲಿ ಅದನ್ನೇ, ಪ್ರಾಣ ಪಣಕ್ಕಿಟ್ಟು. ಈಗ ನಮ್ಮ ಮಕ್ಕಳನ್ನು ಸಮ್ಮರ್ ಕ್ಯಾಂಪಿಗೆ ಸೇರಿಸಿ 10ರಿಂದ 11 ರೋಬೋಟಿಕ್ಸ್, 11ರಿಂದ 12 ಚಿತ್ರಕಲೆ ಅಂತ ಟೈಮ್‌ಟೇಬಲ್ ಕೊಟ್ಟಾಗ ಕಳೆದುಹೋಗೋದು ಆ ಅಂಶವೇ. ರಜೆ ಇದೆ, ಆಟ ಇದೆ, ನಿಯಮ ಮಾಡುವ ಅವಕಾಶ ಇಲ್ಲ.

ನಮ್ಮ ಕೆಲಸಕ್ಕೆ ಬಂದರೆ

ನಮ್ಮ ಲೋಕದಲ್ಲಿ ಒಳ್ಳೆಯ ಧಣಿಗಳು ಬೇಕಾದಷ್ಟು ಜನ ಇದ್ದಾರೆ. ಕೇಳಿದ ತಕ್ಷಣ ರಜೆ ಕೊಡುವ ಮ್ಯಾನೇಜರ್, 'ಮನೆ ಕಡೆ ನೋಡ್ಕೊಳ್ಳಿ' ಅನ್ನುವ ಲೀಡ್. ಅವರಿಗೆ ಕೃತಜ್ಞರಾಗಿರೋಣ. ಆದರೆ ಮ್ಯಾನೇಜರ್ ಬದಲಾದ ದಿನ ಏನಾಗುತ್ತೆ?

1946ರಲ್ಲಿ, ಅಂದ್ರೆ ಸ್ವಾತಂತ್ರ್ಯಕ್ಕೂ ಒಂದು ವರ್ಷ ಮೊದಲು, ನಮ್ಮ ದೇಶದಲ್ಲಿ ಔದ್ಯೋಗಿಕ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆ ಬಂತು. 2025ರ ನವೆಂಬರ್ ತನಕ ಜಾರಿಯಲ್ಲಿದ್ದ ಅದರ ತಿರುಳು ಇಷ್ಟೇ: ಕೆಲಸದ ವೇಳೆ, ರಜೆ ಕೊಡುವ ರೀತಿ, ಕೆಲಸದಿಂದ ತೆಗೆಯುವ ರೀತಿ, ದೂರು ಕೊಡುವ ದಾರಿ, ಇವನ್ನೆಲ್ಲ ಮಾಲೀಕ ಬರವಣಿಗೆಯಲ್ಲಿ ಇಟ್ಟು ಅಧಿಕಾರಿಯಿಂದ ಒಪ್ಪಿಗೆ ಪಡೆಯಬೇಕಿತ್ತು. ಕರ್ನಾಟಕ ಸರ್ಕಾರ ಐಟಿ ವಲಯಕ್ಕೆ ಇದರಿಂದ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಾ ಬಂತು. 2024ರಲ್ಲಿ ಕೆಲವು ಷರತ್ತು ಹಾಕಿ ಮತ್ತೆ 5 ವರ್ಷಕ್ಕೆ ವಿಸ್ತರಿಸಿತು. ನೌಕರರ ಸಂಘದವರು ವಿರೋಧಿಸಿದರು, ಉದ್ಯಮದವರು ಸ್ವಾಗತಿಸಿದರು. ನಮ್ಮಲ್ಲಿ ಬಹಳ ಜನಕ್ಕೆ ಇಂಥದ್ದೊಂದು ಇತ್ತು ಅಂತಲೇ ಗೊತ್ತಾಗಲಿಲ್ಲ. ಹೋಲಿಸಿ ನೋಡಿ: ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ, ಕೆಲಸದ ವೇಳೆ ಮುಗಿದ ಮೇಲೆ ಆಫೀಸಿನ ಸಂದೇಶಕ್ಕೆ ಉತ್ತರಿಸದೇ ಇರುವ ಹಕ್ಕಿಗೆ ಕಾನೂನಿನಲ್ಲಿ ಜಾಗ ಕೊಟ್ಟಿವೆ. ಅಲ್ಲಿ ಫೋನ್ ಎತ್ತದೇ ಇರೋದು ಮ್ಯಾನೇಜರ್ ಕೊಡುವ ಭಿಕ್ಷೆ ಅಲ್ಲ.

ಅಮೆರಿಕದಲ್ಲಿರುವ ನಮ್ಮವರ ಕಥೆ ಇನ್ನೂ ಸ್ಪಷ್ಟ. ಸಂಬಳ ಜಾಸ್ತಿ, ಮನೆ ದೊಡ್ಡದು, ವಾರಾಂತ್ಯ ಪೂರ್ತಿ ಖಾಲಿ. ಆದರೆ ಎಚ್1ಬಿ ಮೇಲೆ ಇದ್ದರೆ ಕೆಲಸ ಹೋದ ಮೇಲೆ ಸಿಗೋದು ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಹಿಡಿಯಬೇಕು, ಇಲ್ಲಾಂದ್ರೆ ಮಕ್ಕಳ ಶಾಲೆ ಬಿಡಿಸಿ ಗಂಟುಮೂಟೆ ಕಟ್ಟಬೇಕು. ಯಾರೂ ಅಡ್ಡ ಬಂದಿಲ್ಲ, ಆದರೆ ಮೀಟಿಂಗಲ್ಲಿ 'ಇದು ತಪ್ಪು' ಅನ್ನೋ ಮಾತು ಗಂಟಲಲ್ಲೇ ನಿಲ್ಲುತ್ತೆ.

ಕೊನೆಗೆ, ಮೂರು ಪ್ರಶ್ನೆ

ಮುಂದಿನ ಸಲ 'ನನಗೆ ಸ್ವಾತಂತ್ರ್ಯ ಇಲ್ಲ' ಅನ್ನಿಸಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ನನಗೆ ಬೇಕಿರೋದು ವಿಶ್ರಾಂತಿಯಾ? ಹಾಗಾದ್ರೆ ರಜೆ ಹಾಕಿ, ಚೆನ್ನಾಗಿ ನಿದ್ದೆ ಮಾಡಿ. ಅದಕ್ಕೆ ದೊಡ್ಡ ತತ್ವ ಏನೂ ಬೇಡ.

ಎರಡು: ನನ್ನ ಬದುಕಿನ ಯಾವ ನಿಯಮ ಬರೀ ಒಬ್ಬರ ಮರ್ಜಿಯ ಮೇಲೆ ನಿಂತಿದೆ? ಆಫರ್ ಲೆಟರ್ ತೆಗೆದು ನೋಟಿಸ್ ಅವಧಿ, ಬಾಂಡ್, ಆನ್‌ಕಾಲ್ ಬಗ್ಗೆ ಏನು ಬರೆದಿದೆ ಓದಿ. ಬರೆದಿಲ್ಲದ್ದು ಏನಿದೆ ಅಂತಲೂ ನೋಡಿ. ಇದನ್ನು ಒಬ್ಬರೇ ಬದಲಾಯಿಸೋಕೆ ಆಗಲ್ಲ, ಪಕ್ಕದ ಸೀಟಿನವರ ಜೊತೆ ಮಾತು ಶುರುವಾಗಬೇಕು. ಈಸೂರಿನಲ್ಲೂ ಬಾವುಟ ಹಾರಿಸಿದ್ದು ಒಬ್ಬ ಅಲ್ಲ, ಊರು.

ಮೂರು: ನಾನು ಯಾರಿಗೆ ಅಡ್ಮಿನ್ ಆಗಿದ್ದೇನೆ? ಮನೆಯಲ್ಲಿ ಹೆಂಡತಿಯೋ, ಅಮ್ಮನೋ, ಕೆಲಸಕ್ಕೆ ಬರುವ ಅಕ್ಕನೋ ನನ್ನ ಮುಖ ನೋಡಿ ಮಾತಾಡ್ತಿದ್ದಾರಾ? ಅಕ್ಕನಿಗೆ ತಿಂಗಳಿಗೆ ಇಷ್ಟು ದಿನ ರಜೆ ಅಂತ ನಿಗದಿ ಮಾಡಿದ್ದೀವಾ, ಅಥವಾ ಅವರು ಪ್ರತಿ ಸಲ ಕೇಳಬೇಕಾ? ನಾವು ಮೂರನೇ ಪ್ರಶ್ನೆ ಬಿಟ್ಟು ಎರಡನೆಯದನ್ನು ಮಾತ್ರ ಕೇಳಿದರೆ, 1916ರಲ್ಲಿ ಒಡವೆ ಹಾಕಿಕೊಂಡು ವೇದಿಕೆ ಮೇಲೆ ಕೂತಿದ್ದವರ ಸಾಲಿಗೆ ಸೇರ್ತೀವಿ.

ನಮ್ಮ ಮನೆಯಲ್ಲಿ ಈ ವರ್ಷದಿಂದ ಮಾಡಿದ್ದು ಇಷ್ಟು: ಮಕ್ಕಳ ಬೇಸಿಗೆ ರಜೆ ಶುರುವಾಗುವ ಮೊದಲ ವಾರ ಅಮ್ಮನ ರಜೆ. ಆ ವಾರ ಅಡುಗೆ ಮನೆ ನನ್ನ ಪಾಲಿಗೆ. ಅವರು ಆ ದಿನಗಳಲ್ಲಿ ಏನು ಮಾಡ್ತಾರೆ, ಎಲ್ಲಿಗೆ ಹೋಗ್ತಾರೆ ಅಂತ ಕೇಳಲ್ಲ ಅನ್ನೋದು ಒಪ್ಪಂದ. ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿದ್ದೀವಿ, ನನ್ನ ಮೂಡ್ ಬದಲಾದರೂ ನಿಯಮ ಬದಲಾಗಬಾರದಲ್ಲ.

ನಿಮ್ಮ ಮನೆಯ ಫ್ರಿಜ್ ಮೇಲೆ ಏನು ಬರೀಬೇಕು ಅಂತ ಯೋಚನೆ ಮಾಡಿ.